ಕಾಮಗಾರಿ ನಡೆಯುವ ರಸ್ತೆಯಲ್ಲಿ ವೇಗಮಿತಿ ಉಲ್ಲಂಘನೆಯ ದಂಡ: ಆಕ್ಷೇಪಣೆಗೆ ಇರುವ ಅವಕಾಶ

ರಸ್ತೆ ಅಗಲೀಕರಣ, ಸೇತುವೆ ದುರಸ್ತಿ ಅಥವಾ ಪೈಪ್‌ಲೈನ್ ಅಗೆತ ನಡೆಯುವ ಸ್ಥಳಗಳಲ್ಲಿ ವೇಗಮಿತಿಯನ್ನು ತಾತ್ಕಾಲಿಕವಾಗಿ ತಗ್ಗಿಸುವುದು ವಾಡಿಕೆ. ರಾಷ್ಟ್ರೀಯ ಹೆದ್ದಾರಿ 48 ಶಿಗ್ಗಾಂವಿ ತಾಲೂಕಿನ ಮೂಲಕ ಹಾದುಹೋಗುತ್ತದೆ. ಹಾನಗಲ್, ಸವಣೂರು, ಹಿರೇಕೆರೂರು ತಾಲೂಕುಗಳಿಂದ ಮೆಕ್ಕೆಜೋಳ, ವೀಳ್ಯದೆಲೆ, ತರಕಾರಿ ಸಾಗಿಸುವ ಎಷ್ಟೋ ವಾಹನಗಳು ಒಂದಿಲ್ಲೊಂದು ಕಡೆ ಈ ಹೆದ್ದಾರಿಯನ್ನು ಸೇರುತ್ತವೆ. ಇಂತಹ ಸಂಚಾರದ ಕೆಲವು ದಿನಗಳ ನಂತರ ಮಾಲೀಕರ ಮೊಬೈಲಿಗೆ ದಂಡದ ಸಂದೇಶ ಬಂದಾಗ, ಅವರು ಮೊದಲು ತೋರಿಸುವುದು ತಮ್ಮ ವಾರ್ಡಿನ ಸದಸ್ಯರಿಗೆ. ಕಟ್ಟಿಬಿಡಿ ಎನ್ನುವುದು, ಇಲ್ಲವೇ ಏನೂ ಆಗುವುದಿಲ್ಲ ಬಿಡಿ ಎನ್ನುವುದು, ಈ ಎರಡೇ ಉತ್ತರಗಳು ಸಾಮಾನ್ಯವಾಗಿ ಕೇಳಿಬರುತ್ತವೆ. ನೋಟಿಸನ್ನು ಓದುವ ಮೊದಲು ಎರಡನ್ನೂ ಹೇಳಲಾಗದು.

ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 183ರ ಪ್ರಕಾರ ವೇಗಮಿತಿ ಮೀರಿದ ಲಘು ವಾಹನಕ್ಕೆ 1,000ದಿಂದ 2,000 ರೂಪಾಯಿ, ಮಧ್ಯಮ ಮತ್ತು ಭಾರೀ ವಾಹನಕ್ಕೆ ಮೊದಲ ಬಾರಿ 2,000ದಿಂದ 4,000 ರೂಪಾಯಿ ದಂಡವಿದೆ. ಬಾಡಿಗೆಗೆ ಗಾಡಿ ಓಡಿಸುವವನಿಗೆ ಇದು ಹಲವು ದಿನಗಳ ದುಡಿಮೆ. ಆದರೆ ವೇಗಮಿತಿ ತಾನಾಗಿಯೇ ಹುಟ್ಟುವುದಿಲ್ಲ ಎಂಬುದನ್ನು ಗಮನಿಸಬೇಕು. ಒಂದು ನಿರ್ದಿಷ್ಟ ರಸ್ತೆಗೆ ಕಡಿಮೆ ಮಿತಿಯನ್ನು ನಿಗದಿಪಡಿಸಲು ಕಲಂ 112(2)ರಲ್ಲಿ ಎರಡು ಕ್ರಮಗಳನ್ನು ಹೇಳಲಾಗಿದೆ: ರಾಜ್ಯಪತ್ರದಲ್ಲಿ ಅಧಿಸೂಚನೆ ಹೊರಡಿಸುವುದು, ಮತ್ತು ಕಲಂ 116ರಂತೆ ಸೂಕ್ತ ಸ್ಥಳಗಳಲ್ಲಿ ಸಂಚಾರ ಫಲಕ ನಿಲ್ಲಿಸುವುದು. ನಿರ್ಬಂಧವು ಒಂದು ತಿಂಗಳನ್ನು ಮೀರದಿದ್ದರೆ ಅಧಿಸೂಚನೆ ಬೇಕಿಲ್ಲ. ಫಲಕಕ್ಕೆ ಈ ವಿನಾಯಿತಿ ಇಲ್ಲ. ಆದ್ದರಿಂದ ಕಾಮಗಾರಿ ಸ್ಥಳದ ದಂಡದಲ್ಲಿ ಮೊದಲ ಪ್ರಶ್ನೆ, ಆ ದಿನ, ಆ ಹೊತ್ತಿಗೆ, ವಾಹನ ಬಂದ ದಿಕ್ಕಿನಲ್ಲಿ ಫಲಕ ಇತ್ತೇ ಎಂಬುದು. ಕಾಮಗಾರಿ ತಿಂಗಳುಗಟ್ಟಲೆ ಎಳೆದಿದ್ದರೆ ಅಧಿಸೂಚನೆ ಇದೆಯೇ ಎಂಬುದು ಎರಡನೆಯದು.

ಇದಕ್ಕೊಂದು ಮಿತಿಯೂ ಇದೆ. ಕೇಂದ್ರ ಸರ್ಕಾರವು 2018ರ ಏಪ್ರಿಲ್‌ನಲ್ಲಿ ಪ್ರತಿ ವರ್ಗದ ವಾಹನಕ್ಕೂ ರಸ್ತೆಗೆ ತಕ್ಕಂತೆ ಗರಿಷ್ಠ ವೇಗವನ್ನು ಗೊತ್ತುಪಡಿಸಿದೆ. ನಾಲ್ಕು ಪಥದ ರಸ್ತೆಯಲ್ಲಿ ಕಾರಿಗೆ 100, ದ್ವಿಚಕ್ರ ವಾಹನಕ್ಕೆ 80 ಕಿಲೋಮೀಟರ್. ಈ ಸಾಮಾನ್ಯ ಮಿತಿಯನ್ನೇ ಮೀರಿ ಓಡಿಸಿದವನಿಗೆ ಕಾಮಗಾರಿಯ ಫಲಕ ಇರಲಿಲ್ಲ ಎಂಬ ವಾದ ನೆರವಾಗದು. ಅಗೆದ ರಸ್ತೆಯಲ್ಲಿ ಅಪಾಯಕಾರಿಯಾಗಿ ಚಲಾಯಿಸಿದರೆ ಕಲಂ 184 ಪ್ರತ್ಯೇಕವಾಗಿ ಅನ್ವಯಿಸುತ್ತದೆ. ಡಿವೈಡರ್ ದಾಟುವ ದಾರಿ ಮುಚ್ಚಿದೆ ಎಂದು ಎದುರು ದಿಕ್ಕಿನಲ್ಲಿ ಟ್ರ್ಯಾಕ್ಟರ್ ನುಗ್ಗಿಸುವವರ ಪರವಾಗಿ ಸದಸ್ಯರು ಪತ್ರ ಬರೆಯುವುದು ಸಲ್ಲದು.

ವೇಗವನ್ನು ಅಳೆದ ಬಗೆಯೂ ಮುಖ್ಯ. ಒಬ್ಬ ಸಾಕ್ಷಿ ಕಣ್ಣಂದಾಜಿನಿಂದ ವೇಗ ಹೆಚ್ಚಿತ್ತು ಎಂದು ಹೇಳಿದ ಮಾತ್ರಕ್ಕೆ ಶಿಕ್ಷೆ ವಿಧಿಸಲಾಗದು, ಯಂತ್ರದ ಅಳತೆ ಬೇಕೆಂದು ಕಲಂ 183(3) ಹೇಳುತ್ತದೆ. ಕ್ಯಾಮೆರಾ ಮೂಲಕ ದಂಡ ವಿಧಿಸಲು 2021ರ ಆಗಸ್ಟ್‌ನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 167ಎ ಸೇರಿಸಲಾಯಿತು. ಉಪಕರಣಕ್ಕೆ ಅನುಮೋದನಾ ಪ್ರಮಾಣಪತ್ರವಿರಬೇಕು, ಅದು ವರ್ಷಕ್ಕೊಮ್ಮೆ ನವೀಕರಣವಾಗಬೇಕು, ಕ್ಯಾಮೆರಾ ಇರುವ ಭಾಗಕ್ಕಿಂತ ಮೊದಲೇ ಎಚ್ಚರಿಕೆ ಫಲಕವಿರಬೇಕು, ನೋಟಿಸಿನಲ್ಲಿ ದಿನಾಂಕ, ಸಮಯ, ಸ್ಥಳ, ಅಳತೆ ಮತ್ತು ಚಿತ್ರ ಇರಬೇಕು ಎಂಬುದು ಅದರ ಸಾರ. ಇವುಗಳಲ್ಲಿ ಯಾವುದು ಇಲ್ಲವೋ ಅದೇ ಆಕ್ಷೇಪಣೆಯ ಆಧಾರ.

ಇಂತಹ ಆಕ್ಷೇಪಣೆಗಳು ಬಹುತೇಕ ಸೋಲುವುದು ಕಾನೂನಿನ ಕೊರತೆಯಿಂದಲ್ಲ, ಸಾಕ್ಷ್ಯದ ಕೊರತೆಯಿಂದ. ಕಾಮಗಾರಿ ದಿನದಿನಕ್ಕೆ ಮುಂದೆ ಸರಿಯುತ್ತದೆ. ನಿನ್ನೆ ಇಲ್ಲದ ಫಲಕ ಇಂದು ಇರುತ್ತದೆ. ನೋಟಿಸು ಕೈಸೇರುವ ಹೊತ್ತಿಗೆ ಡಾಂಬರೀಕರಣವೇ ಮುಗಿದಿರುತ್ತದೆ. ಆದ್ದರಿಂದ ಫಲಕವಿಲ್ಲದ ಕಾಮಗಾರಿ ಕಂಡ ದಿನವೇ, ವಾಹನವನ್ನು ಸುರಕ್ಷಿತವಾಗಿ ನಿಲ್ಲಿಸಿ, ಕಿಲೋಮೀಟರ್ ಕಲ್ಲು ಕಾಣುವಂತೆ ಚಿತ್ರ ತೆಗೆದಿಡಲು ಚಾಲಕರಿಗೆ ತಿಳಿಸಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63(4)ರಂತೆ ವಿದ್ಯುನ್ಮಾನ ದಾಖಲೆಗೆ ಪ್ರಮಾಣಪತ್ರ ಬೇಕಾಗುತ್ತದೆ. ಹೀಗಾಗಿ ಮೂಲ ಚಿತ್ರ ಅದೇ ಮೊಬೈಲಿನಲ್ಲಿ ಉಳಿದಿರಲಿ, ವಾಟ್ಸ್‌ಆ್ಯಪ್‌ನಲ್ಲಿ ಹತ್ತು ಕೈ ದಾಟಿದ ಪ್ರತಿಗೆ ಬೆಲೆ ಕಡಿಮೆ. ಟೋಲ್ ದಾಟಿದ ಸಮಯ ಫಾಸ್ಟ್ಯಾಗ್ ವಿವರದಲ್ಲಿ ಸಿಗುತ್ತದೆ. ಅಧಿಸೂಚನೆ ಮತ್ತು ಗುತ್ತಿಗೆದಾರರ ಸಂಚಾರ ನಿರ್ವಹಣಾ ಯೋಜನೆಯ ಪ್ರತಿಯನ್ನು ಮಾಹಿತಿ ಹಕ್ಕು ಅಧಿನಿಯಮದಡಿ, 10 ರೂಪಾಯಿ ಶುಲ್ಕದೊಂದಿಗೆ, ರಸ್ತೆಯ ಒಡೆತನವಿರುವ ಇಲಾಖೆಯಿಂದ ಕೇಳಬಹುದು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಒಳಗೆ ಎಂಬುದು ನೆನಪಿರಲಿ. ಉತ್ತರಕ್ಕೆ 30 ದಿನ ಹಿಡಿಯಬಹುದಾದ್ದರಿಂದ, ಅದಕ್ಕಾಗಿ ಕಾಯದೆ ಆಕ್ಷೇಪಣೆಯನ್ನು ಮೊದಲೇ ಸಲ್ಲಿಸುವುದು ಲೇಸು.

ಆಕ್ಷೇಪಣೆಯನ್ನು ನೋಟಿಸಿನಲ್ಲಿ ಬರೆದಿರುವ ಗಡುವಿನೊಳಗೆ, ನೋಟಿಸು ನೀಡಿದ ಠಾಣೆಗೆ ಲಿಖಿತವಾಗಿ ಅಥವಾ ಪರಿವಾಹನ್ ಇ-ಚಲನ್ ಜಾಲತಾಣದ ದೂರು ವಿಭಾಗದಲ್ಲಿ ಸಲ್ಲಿಸಬಹುದು. ಠಾಣೆ ಒಪ್ಪದಿದ್ದರೆ ವಿಷಯ ನ್ಯಾಯಾಲಯಕ್ಕೆ ಹೋಗುತ್ತದೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಹಾಗೂ ಕಡಿಮೆ ಆದಾಯದವರಿಗೆ ತಾಲೂಕು ಕಾನೂನು ಸೇವೆಗಳ ಸಮಿತಿಯಿಂದ ಉಚಿತ ವಕೀಲರ ನೆರವು ದೊರೆಯುತ್ತದೆ. ಒಂದು ಸಾವಿರದ ದಂಡಕ್ಕಾಗಿ ಎರಡು ಮೂರು ದಿನದ ಕೂಲಿ ಬಿಟ್ಟು ಅಲೆಯುವುದು ಎಲ್ಲರಿಗೂ ಲಾಭವಲ್ಲ; ಚಿತ್ರವಾಗಲೀ ಸಾಕ್ಷಿಯಾಗಲೀ ಇಲ್ಲದವರಿಗೆ ಅದನ್ನು ನೇರವಾಗಿ ಹೇಳಬೇಕು. ಹಾಗೆಂದು ನೋಟಿಸನ್ನು ಮರೆತುಬಿಟ್ಟರೆ ಎಫ್‌ಸಿ ಅಥವಾ ಮಾಲೀಕತ್ವ ವರ್ಗಾವಣೆಯ ವೇಳೆ ಅಡ್ಡಿಯಾಗಬಹುದು.

ರಾಜ್ಯ ಸರ್ಕಾರವು 2023ರ ಫೆಬ್ರವರಿಯಲ್ಲಿ ಮತ್ತು 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಬಾಕಿ ದಂಡಕ್ಕೆ ಶೇ. 50 ರಿಯಾಯಿತಿ ನೀಡಿತ್ತು. ರಿಯಾಯಿತಿಯಲ್ಲಿಯೇ ಆದರೂ ದಂಡ ಕಟ್ಟುವುದೆಂದರೆ ತಪ್ಪೊಪ್ಪಿಕೊಂಡು ಪ್ರಕರಣ ಮುಗಿಸಿದಂತೆ. ನಂತರ ಆಕ್ಷೇಪಣೆಗೆ ಎಡೆಯಿಲ್ಲ.

ಗ್ರಾಮ ಪಂಚಾಯತಿಗೆ ದಂಡ ರದ್ದುಪಡಿಸುವ ಅಧಿಕಾರವಿಲ್ಲ. ಇಂತಹ ದಿನ ಇಂತಹ ಸ್ಥಳದಲ್ಲಿ ಫಲಕವಿರಲಿಲ್ಲ ಎಂದು ತಾವೇ ನೋಡಿದ ಸದಸ್ಯರು ಬರೆದುಕೊಡಬಹುದು; ನೋಡದವರು ಬರೆಯಬಾರದು. ರಾಷ್ಟ್ರೀಯ ಹೆದ್ದಾರಿಯಲ್ಲಾದರೆ 1033ಕ್ಕೆ ಕರೆ ಮಾಡಿ ದೂರು ದಾಖಲಿಸಿ, ಅದರ ಸಂಖ್ಯೆಯನ್ನು ಬರೆದಿಟ್ಟುಕೊಳ್ಳುವುದು ಉತ್ತಮ.

ಇದೇ ಅಳತೆಗೋಲು ಪಂಚಾಯತಿಯ ಸ್ವಂತ ಕಾಮಗಾರಿಗಳಿಗೂ ಅನ್ವಯ. ನಲ್ಲಿ ಸಂಪರ್ಕಕ್ಕಾಗಿ ಅಗೆದ ಗುಂಡಿ, ಚರಂಡಿಗಾಗಿ ಅರ್ಧ ಕಿತ್ತ ಸಿ.ಸಿ. ರಸ್ತೆಯ ಪಕ್ಕದಲ್ಲಿ ಒಂದು ಮುಳ್ಳಿನ ಕೊಂಬೆ ನೆಟ್ಟು ಸುಮ್ಮನಾಗುವುದು ಹಲವೆಡೆ ಕಂಡುಬರುತ್ತದೆ. ರಾತ್ರಿ ಬೈಕ್ ಸವಾರನಿಗೆ ಅದು ಕಾಣುವುದಿಲ್ಲ. ಸುರಕ್ಷತಾ ಮಾನದಂಡ ಪಾಲಿಸದ ಕಾರಣ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ಜವಾಬ್ದಾರಿ ಹೊತ್ತ ಪ್ರಾಧಿಕಾರ, ಗುತ್ತಿಗೆದಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಕಲಂ 198ಎ ಅವಕಾಶ ನೀಡುತ್ತದೆ. ಕಾಮಗಾರಿ ವಲಯದ ಫಲಕ, ಅಡೆತಡೆ, ದೀಪಗಳ ವಿವರ ಐ.ಆರ್.ಸಿ. ಎಸ್‌ಪಿ 55 ಮಾರ್ಗಸೂಚಿಯಲ್ಲಿದೆ. ಪಂಚಾಯತ್ ರಾಜ್ ಇಂಜಿನಿಯರಿಂಗ್ ಉಪವಿಭಾಗದ ಎಂಜಿನಿಯರರಿಂದ ಕೇಳಿ ತಿಳಿಯಬಹುದು. ಕಾಮಗಾರಿ ಆರಂಭದ ದಿನ ಫಲಕದ ಚಿತ್ರ ತೆಗೆದು ಕಡತಕ್ಕೆ ಸೇರಿಸುವಂತೆ, ಬಿಲ್ ಪಾವತಿಗೆ ಮೊದಲು ಆ ಚಿತ್ರವನ್ನು ಪರಿಶೀಲಿಸುವಂತೆ ಸಾಮಾನ್ಯ ಸಭೆಯಲ್ಲಿ ಠರಾವು ಮಾಡಬಹುದಾಗಿದೆ.