ಬಡಿತ ತಗ್ಗಿಸುವ ಗುಳಿಗೆ

‘ಪಂಪಿಂಗ್ ಬರೀ ಮೂವತ್ತು ಪರ್ಸೆಂಟ್ ಐತಂತ್ರೀ.’ ಹೊಸಪೇಟೆಯಲ್ಲೋ ಬಳ್ಳಾರಿಯಲ್ಲೋ ಹೃದಯದ ಎಕೋ ಪರೀಕ್ಷೆ ಮಾಡಿಸಿ ಕಮಲಾಪುರಕ್ಕೆ ಮರಳುವವರು ಹೇಳುವ ಮಾತಿದು. ನೂರಕ್ಕೆ ಎಪ್ಪತ್ತು ಹೋಯಿತೆಂದು ಮನೆಮಂದಿ ಕಂಗಾಲು. ಗಟ್ಟಿಮುಟ್ಟಾದ ಹೃದಯವೂ ಒಂದು ಬಡಿತಕ್ಕೆ ತನ್ನೊಳಗಿನ ರಕ್ತದಲ್ಲಿ ನೂರಕ್ಕೆ 55ರಿಂದ 70ರಷ್ಟನ್ನಷ್ಟೇ ಹೊರಗೆ ತಳ್ಳುತ್ತದೆ. ಮೂವತ್ತು ಎಂದರೆ ಹೃದಯ ಸೋತಿದೆ, ನಿಜ. ಕೈಚೆಲ್ಲಿ ಕೂರುವಷ್ಟಲ್ಲ.

ಸೋತ ಹೃದಯ ಸುಮ್ಮನಿರುವುದಿಲ್ಲ. ಒಂದೊಂದು ಬಡಿತದಲ್ಲಿ ಆದ ಕೊರತೆಯನ್ನು ಹೆಚ್ಚು ಸಲ ಬಡಿದು ತುಂಬಿಸಲು ನೋಡುತ್ತದೆ. ಕಬ್ಬಿನ ಬಂಡಿಯ ದಣಿದ ಎತ್ತಿಗೆ ಬಾರುಕೋಲು ಬೀಸಿದಂತೆ, ಅಡ್ರಿನಲಿನ್ ಅದನ್ನು ಓಡಿಸುತ್ತದೆ. ನಿಮಿಷಕ್ಕೆ 90 ಬಡಿತವಾದರೆ ದಿನಕ್ಕೆ 1,29,600. 60ಕ್ಕೆ ಇಳಿದರೆ 86,400. ಎರಡು ಬಡಿತಗಳ ನಡುವಿನ ಬಿಡುವಿನಲ್ಲೇ ಹೃದಯ ರಕ್ತ ತುಂಬಿಕೊಳ್ಳುವುದು, ಅದರ ಸ್ನಾಯುವಿಗೂ ಆಗಲೇ ಹೆಚ್ಚಿನ ರಕ್ತ ಸಿಗುವುದು.

ಆದರೂ ಸೋತ ಹೃದಯಕ್ಕೆ ಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಕೊಡುವುದೆಂದರೆ ಒಂದು ಕಾಲದಲ್ಲಿ ವೈದ್ಯರಿಗೇ ಭಯವಿತ್ತು. ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ ಫಿನ್ ವಾಗ್‌ಸ್ಟೈನ್ ಮತ್ತು ಸಂಗಡಿಗರು ಏಳು ರೋಗಿಗಳಿಗೆ ಅದನ್ನು ಕೊಟ್ಟು, ಸುಧಾರಣೆ ಕಂಡು 1975ರಲ್ಲಿ ವರದಿ ಮಾಡಿದರು. ನಂಬಿದವರು ಕಡಿಮೆ. ಬಿಸೊಪ್ರೊಲಾಲ್, ಮೆಟೊಪ್ರೊಲಾಲ್ ಎಂಬ ಬೀಟಾ ಬ್ಲಾಕರ್‌ಗಳು ಸಾವನ್ನು ಸುಮಾರು ಮೂರನೇ ಒಂದರಷ್ಟು ತಗ್ಗಿಸುತ್ತವೆಂದು ದೊಡ್ಡ ಅಧ್ಯಯನಗಳು ಸಾಬೀತು ಮಾಡಿದ್ದು 1999ರಲ್ಲಿ. ಕಾಲು ಶತಮಾನವೇ ಹೋಯಿತು!

ಬಡಿತ ತಗ್ಗಿಸುವ ಇನ್ನೊಂದು ಗುಳಿಗೆ ಇವಾಬ್ರಾಡಿನ್ ಆಮೇಲೆ ಬಂದದ್ದು. ಬಡಿತ ಹುಟ್ಟುವ ಗಂಟಿನಲ್ಲಿ ಹರಿಯುವ ಒಂದು ವಿಚಿತ್ರ ವಿದ್ಯುತ್ತಿಗೆ ವಿಜ್ಞಾನಿಗಳು ‘ಫನ್ನಿ ಕರೆಂಟ್’ ಎಂದೇ ಹೆಸರಿಟ್ಟಿದ್ದಾರೆ. ಈ ಗುಳಿಗೆ ಅದನ್ನೇ ತಡೆಯುತ್ತದೆ. 2010ರ ‘ಶಿಫ್ಟ್’ ಅಧ್ಯಯನದಲ್ಲಿ 6,500ಕ್ಕೂ ಹೆಚ್ಚು ರೋಗಿಗಳಿದ್ದರು. ಹೃದಯ, ರಕ್ತನಾಳದ ಕಾಯಿಲೆಯ ಸಾವು ಮತ್ತು ಹೃದಯ ಸೋತು ಆಸ್ಪತ್ರೆ ಸೇರುವುದು ಎರಡನ್ನೂ ಕೂಡಿಸಿ ನೋಡಿದರೆ ನೂರಕ್ಕೆ 18ರಷ್ಟು ಇಳಿಕೆ. ಹೆಚ್ಚಿನ ಲಾಭ ಆಸ್ಪತ್ರೆಯ ಓಡಾಟ ತಪ್ಪಿದ್ದರಲ್ಲಿ. ಹಾಗಾಗಿ ಇದು ಬೀಟಾ ಬ್ಲಾಕರಿಗೆ ಬದಲಿಯಲ್ಲ. ಅದನ್ನು ತಾಳುವಷ್ಟು ಕೊಟ್ಟ ಮೇಲೂ ಬಡಿತ 70ಕ್ಕಿಂತ ಇಳಿಯದವರಿಗೆ, ಅದೂ ಲಯ ತಪ್ಪದವರಿಗೆ ಮಾತ್ರ. ಕೆಲವರಿಗೆ ಕಣ್ಣ ಮುಂದೆ ಬೆಳಕು ಮಿಂಚಿದಂತಾಗುತ್ತದೆ, ಸಾಮಾನ್ಯವಾಗಿ ಅಪಾಯವಿಲ್ಲ.

ಎಡವಟ್ಟಾಗುವುದು ಮನೆಯಲ್ಲಿ. ಬೀಟಾ ಬ್ಲಾಕರ್ ಶುರುವಾದ ಮೊದಲ ವಾರಗಳಲ್ಲಿ ಸುಸ್ತು ಹೆಚ್ಚಬಹುದು. ‘ಗುಳಿಗಿ ತಗೊಂಡ್ರ ಕೈಕಾಲು ಬೀಳ್ತಾವು’ ಎಂದು ಬಾಳೆತೋಟದ ಕೆಲಸಕ್ಕೆ ಹೊರಟವರು ಅದನ್ನು ಬಿಟ್ಟುಬಿಡುತ್ತಾರೆ. ಸಣ್ಣ ಡೋಸಿನಿಂದ ಮೆಲ್ಲಗೆ ಏರಿಸುವುದೇ ಈ ಕಾರಣಕ್ಕೆ. ಹಠಾತ್ತನೆ ಬಿಟ್ಟರೆ ಬಡಿತ ಮತ್ತೆ ಏರಿ ಹೃದಯ ಹದಗೆಡುತ್ತದೆ.

ಐದು ನಿಮಿಷ ಕುಳಿತು, ಹೆಬ್ಬೆರಳ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಪೂರ್ತಿ ಒಂದು ನಿಮಿಷ ನಾಡಿ ಎಣಿಸಿ, ಬರೆದಿಡಿ. 50ಕ್ಕಿಂತ ಕೆಳಗಿಳಿದರೆ, ತಲೆಸುತ್ತಿದರೆ, ನಾಡಿ ಲಯ ತಪ್ಪಿದರೆ, ಮೂರು ದಿನದಲ್ಲಿ ಎರಡು ಕಿಲೋ ತೂಕ ಏರಿದರೆ ತಡಮಾಡದೆ ವೈದ್ಯರನ್ನು ಕಾಣಿ. ಗುಳಿಗೆ ಬಿಡುವ ಮೊದಲು ಅವರನ್ನು ಕೇಳಿ, ಬಿಟ್ಟ ಮೇಲಲ್ಲ.