ಉಲುರು: ಕಥೆ ಹೇಳುವ ಕೆಂಪು ಬಂಡೆ

ಪಲ್ಯ ಅಂದ್ರೆ ನಮಗೆ ಚಪಾತಿ ಜೊತೆಗಿನ ಪಲ್ಯ. ಆಸ್ಟ್ರೇಲಿಯಾದ ನಟ್ಟನಡುವಿನ ಮರುಭೂಮಿಯಲ್ಲಿ ಇದೇ ಪದಕ್ಕೆ ‘ಒಳ್ಳೆಯದು’ ಅಂತ ಅರ್ಥ. ಎದುರಿಗೆ ಸಿಕ್ಕವರಿಗೆ ನಮಸ್ಕಾರ ಹೇಳೋಕೂ ‘ಪಲ್ಯ’, ಹೊರಡುವಾಗ ಬರ್ತೀವಿ ಅನ್ನೋಕೂ ‘ಪಲ್ಯ’. ಉಲುರು ಎಂಬ ದೊಡ್ಡ ಕೆಂಪು ಬಂಡೆಯ ಒಡೆಯರಾದ ಮೂಲನಿವಾಸಿಗಳ ಪಿಟ್ಜಂಜಾರ ಭಾಷೆಯ ಮಾತಿದು. ಅವರು ತಮ್ಮನ್ನು ‘ಅಣಂಗು’ ಅಂತ ಕರೆದುಕೊಳ್ತಾರೆ. ಹಾಗಂದ್ರೆ ‘ಮನುಷ್ಯರು’. ಈ ಭಾಷೆಯಲ್ಲೂ ನಮ್ಮ ಹಾಗೆ ನಾಲಿಗೆ ಮಡಿಸಿ ಹೇಳುವ ಟ, ಣ, ಳ ಇವೆ. ಇಂಗ್ಲಿಷ್ ಲಿಪಿಯಲ್ಲಿ ಅದನ್ನು ತೋರಿಸೋಕೆ ಅಕ್ಷರದ ಕೆಳಗೆ ಗೆರೆ ಎಳೆಯಬೇಕು. ಕನ್ನಡದಲ್ಲಾದರೆ ಆ ಕಷ್ಟವೇ ಇಲ್ಲ.

ಹೋದ ಜುಲೈನಲ್ಲಿ ಅಪ್ಪ ಅಮ್ಮನ ಜೊತೆ ಉಲುರು ನೋಡಿ ಬಂದೆ. ಫೋಟೊಗಳಲ್ಲಿ ಕಾಣೋದು ಸಮತಟ್ಟಾದ ಬಯಲಿನಲ್ಲಿ ಮಲಗಿರುವ ಒಂದೇ ಒಂದು ಬಂಡೆ. ಬಯಲಿನಿಂದ 348 ಮೀಟರ್ ಎತ್ತರ, ಸುತ್ತಲಿನ ಕಾಲುದಾರಿ ಹತ್ತು ಕಿಲೋಮೀಟರಿಗೂ ಸ್ವಲ್ಪ ಹೆಚ್ಚು. ಕಲ್ಲಿನ ನಿಜವಾದ ಬಣ್ಣ ಬೂದು. ಅದರಲ್ಲಿರುವ ಕಬ್ಬಿಣದ ಅಂಶ ಗಾಳಿ ನೀರಿಗೆ ತುಕ್ಕು ಹಿಡಿದು ಮೇಲ್ಮೈ ಕೆಂಪಾಗಿದೆ. ಬೆಳಗ್ಗೆ, ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಕೆಂಡದ ಹಾಗೆ ಹೊಳೆಯುತ್ತೆ. ಇಷ್ಟನ್ನು ನೋಡೋಕೆ ಯಾರ ಸಹಾಯವೂ ಬೇಡ. ಆದರೆ ಬಂಡೆಯ ಬುಡದಲ್ಲಿ ಗೈಡ್ ಜೊತೆ ಒಂದು ಗಂಟೆ ನಡೆದರೆ ಅದೇ ಬಂಡೆ ಬೇರೆಯಾಗಿ ಕಾಣೋಕೆ ಶುರುವಾಗುತ್ತೆ.

ಮಾಲ ಹಾದಿಯಲ್ಲಿ

ರಾಷ್ಟ್ರೀಯ ಉದ್ಯಾನದ ರೇಂಜರ್‌ಗಳು ನಡೆಸುವ ‘ಮಾಲ ವಾಕ್’ ಉಚಿತ. ಹೋಗಿ ಬರೋಕೆ ಎರಡು ಕಿಲೋಮೀಟರ್, ನೆಲ ಸಮತಟ್ಟು. ವಯಸ್ಸಾದವರಿಗೂ ತೊಂದರೆ ಇಲ್ಲ.

ಮಾಲ ಅಂದ್ರೆ ಮೊಲದಷ್ಟು ದೊಡ್ಡದಾದ, ಕಾಂಗರೂ ಜಾತಿಯ ಒಂದು ಸಣ್ಣ ಪ್ರಾಣಿ. ಅಣಂಗು ಕಥೆಯ ಪ್ರಕಾರ, ಸೃಷ್ಟಿಕಾಲದಲ್ಲಿ ಮಾಲ ಜನ ಉತ್ತರದಿಂದ ಇಲ್ಲಿಗೆ ಬಂದು ಒಂದು ವಿಧಿ ಆರಂಭಿಸಿದರು. ಅಷ್ಟರಲ್ಲಿ ಪಶ್ಚಿಮದಿಂದ ಇನ್ನೊಂದು ಗುಂಪಿನವರು ಬಂದು ತಮ್ಮ ವಿಧಿಗೆ ಕರೆದರು. ಹಿಡಿದ ಕೆಲಸ ನಡುವೆ ಬಿಡುವಂತಿಲ್ಲ ಅಂತ ಮಾಲ ಜನ ಒಪ್ಪಲಿಲ್ಲ. ಅವಮಾನಗೊಂಡವರು ಸೇಡಿಗಾಗಿ ಕುರ್ಪಾನ್ಯಿ ಎಂಬ ಭಯಂಕರ ನಾಯಿಯನ್ನು ಸೃಷ್ಟಿಸಿ ಬಿಟ್ಟರು. ಮಿಂಚುಳ್ಳಿ ಹಕ್ಕಿಯಾದ ಲುನ್ಪ ಎಂಬಾಕೆ ಕೂಗಿ ಎಚ್ಚರಿಸಿದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಾಯಿ ದಾಳಿ ಮಾಡಿತು, ಉಳಿದವರು ದಕ್ಷಿಣಕ್ಕೆ ಓಡಿಹೋದರು. ಹಿಡಿದದ್ದನ್ನು ಮುಗಿಸಬೇಕು, ಎಚ್ಚರಿಕೆಯ ಮಾತು ಕೇಳಬೇಕು ಅನ್ನೋದು ಮಕ್ಕಳಿಗೆ ಇದರಲ್ಲಿ ಸಿಗುವ ಪಾಠ.

ಈ ಕಥೆಯನ್ನು ಪುಸ್ತಕದಲ್ಲೂ ಓದಬಹುದು. ಆದರೆ ಅಲ್ಲಿ ನಿಂತು ಕೇಳುವಾಗ ರೇಂಜರ್ ಕೈ ತೋರಿಸ್ತಾ ಹೋಗ್ತಾರೆ. ಇದು ಹೆಂಗಸರು ಅಡುಗೆ ಮಾಡ್ತಿದ್ದ ಗುಹೆ, ಇದು ಹಿರಿಯರು ಕೂರುತ್ತಿದ್ದ ಗುಹೆ, ಇಲ್ಲಿ ಹುಡುಗರಿಗೆ ಪಾಠ ಆಗ್ತಿತ್ತು ಅಂತ. ಬಂಡೆಯ ಮೇಲಿನ ಒಂದೊಂದು ಕುಳಿ, ಸೀಳು, ಕಲೆಯೂ ಕಥೆಯ ಒಂದೊಂದು ಘಟನೆ. ಇದೆಲ್ಲ ಸೇರಿದ್ದಕ್ಕೆ ಅಣಂಗು ಹೇಳುವ ಹೆಸರು ‘ಜುಕುರ್ಪ’. ಇಂಗ್ಲಿಷಿನಲ್ಲಿ ಇದನ್ನು ಕನಸಿನ ಕಾಲ ಅಂತ ಅನುವಾದಿಸ್ತಿದ್ದರು. ಅದು ಸಾಲದು. ಜಗತ್ತು ಹೇಗೆ ಆಯ್ತು ಅನ್ನುವ ಕಥೆ, ಜನ ಹೇಗೆ ಬದುಕಬೇಕು ಅನ್ನುವ ಕಾನೂನು, ನೀರು ಎಲ್ಲಿ ಸಿಗುತ್ತೆ ಅನ್ನುವ ತಿಳಿವಳಿಕೆ, ಯಾರು ಯಾರಿಗೆ ಏನಾಗಬೇಕು ಅನ್ನುವ ನೆಂಟಸ್ತಿಕೆ ಎಲ್ಲವೂ ಅದೇ. ಇವರ ಪಾಲಿಗೆ ಜುಕುರ್ಪ ಮುಗಿದುಹೋದ ಕಾಲವೂ ಅಲ್ಲ. ಇವತ್ತಿಗೂ ಅದೇ ಕಾನೂನು.

ಆಮೇಲೆ ಏನಾಯ್ತು?

ಒಂದು ತಿರುವಿನಲ್ಲಿ ರೇಂಜರ್ ಕಥೆ ನಿಲ್ಲಿಸಿಬಿಟ್ಟರು. “ಆಮೇಲೆ ಏನಾಯ್ತು ಕೇಳೋ” ಅಂತ ಅಮ್ಮ ನನ್ನನ್ನು ತಿವಿದರು. ಕೇಳಿದೆ. ತನಗೆ ಹೇಳೋಕೆ ಅನುಮತಿ ಇರೋದು ಇಷ್ಟೇ ಅಂತ ಅವರು ನಗುತ್ತಲೇ ಹೇಳಿದರು.

ಅಮ್ಮನಿಗೆ ಇದು ವಿಚಿತ್ರ ಅನ್ನಿಸಲೇ ಇಲ್ಲ. “ನಮ್ಮಲ್ಲೂ ಉಪದೇಶ ಆಗದೆ ಮಂತ್ರ ಹೇಳಿಕೊಡಲ್ಲವಲ್ಲ, ಹಾಗೆ” ಅಂದರು. ನನಗೇ ಇದು ಜೀರ್ಣವಾಗೋಕೆ ಸ್ವಲ್ಪ ಹೊತ್ತು ಬೇಕಾಯ್ತು. ನಾನು ಸಾಫ್ಟ್‌ವೇರ್ ಕೆಲಸದವನು. ಮಾಹಿತಿ ಅಂದ್ರೆ ಹುಡುಕಿದ ತಕ್ಷಣ ಸಿಗಬೇಕು, ಎಲ್ಲರಿಗೂ ಸಿಗಬೇಕು ಅನ್ನೋದು ನಮ್ಮ ಪೀಳಿಗೆಯ ನಂಬಿಕೆ. ಅಣಂಗು ಲೆಕ್ಕ ಬೇರೆ. ಇಲ್ಲಿ ತಿಳಿವಳಿಕೆ ಬರೋದು ವಯಸ್ಸು, ಅರ್ಹತೆ, ಸಂಬಂಧದ ಮೇಲೆ. ಗಂಡಸರ ಕಥೆ ಗಂಡಸರಿಗೆ, ಹೆಂಗಸರ ಕಥೆ ಹೆಂಗಸರಿಗೆ. ಪ್ರವಾಸಿಗೆ ಸಿಗೋದು ಮಕ್ಕಳಿಗೆ ಹೇಳುವಷ್ಟು ಕಥೆ ಮಾತ್ರ. ಕಥೆ ಗೊತ್ತಾದವನಿಗೆ ಆ ಜಾಗವನ್ನು ನೋಡಿಕೊಳ್ಳುವ ಜವಾಬ್ದಾರಿಯೂ ಬರುತ್ತೆ. ಎರಡು ದಿನ ಇದ್ದು ಫ್ಲೈಟ್ ಹತ್ತುವವರಿಗೆ ಆ ಹೊರೆ ಯಾಕೆ?

ಫೋಟೊ ತೆಗೆಯಬೇಡಿ ಎಂಬ ಫಲಕಗಳು ಅಲ್ಲಲ್ಲಿ ಇರೋದೂ ಇದೇ ಕಾರಣಕ್ಕೆ. ಕೆಲವು ಜಾಗಗಳಲ್ಲಿ ಬಂಡೆಯ ಗುರುತುಗಳೇ ಧರ್ಮಗ್ರಂಥದ ಹಾಗೆ. ಅವನ್ನು ಅಲ್ಲೇ ಹೋಗಿ, ನೋಡಬೇಕಾದವರು ಮಾತ್ರ ನೋಡಬೇಕು. ಬೇರೆಲ್ಲೋ ಕೂತವರ ಮೊಬೈಲ್ ಪರದೆಯ ಮೇಲೆ ಅದು ಬರಬಾರದು.

ತಂತ್ರಜ್ಞಾನ ಬೇಡ ಅಂತ ಇದರರ್ಥ ಅಲ್ಲ. 2023ರಿಂದ ಅಲ್ಲಿ ರಾತ್ರಿ ಹೊತ್ತು ಸಾವಿರಕ್ಕೂ ಹೆಚ್ಚು ಡ್ರೋನ್‌ಗಳಿಂದ ಆಕಾಶದಲ್ಲಿ ಇದೇ ಮಾಲ ಕಥೆ ಮೂಡಿಸುವ ‘ವಿಂಜಿರಿ ವಿರು’ ಎಂಬ ಪ್ರದರ್ಶನ ನಡೀತಿದೆ. ಅಣಂಗು ಹಿರಿಯರ ಜೊತೆ ಕೂತು, ಅವರ ಒಪ್ಪಿಗೆ ಪಡೆದು ಮಾಡಿದ್ದು. ಅಲ್ಲೂ ತೋರಿಸೋದು ಕಥೆಯ ಒಂದು ಭಾಗವನ್ನಷ್ಟೇ. ಎಲ್ಲಿ ನಿಲ್ಲಿಸಬೇಕು ಅಂತ ನಿರ್ಧರಿಸೋದು ಕಥೆಯ ಒಡೆಯರು.

ಈ ಹಕ್ಕು ಸುಮ್ಮನೆ ಬಂದದ್ದಲ್ಲ

1873ರಲ್ಲಿ ವಿಲಿಯಂ ಗಾಸ್ ಎಂಬ ಸರ್ವೇಯರ್ ಇಲ್ಲಿಗೆ ಬಂದು, ದಕ್ಷಿಣ ಆಸ್ಟ್ರೇಲಿಯಾದ ರಾಜಕಾರಣಿ ಹೆನ್ರಿ ಏಯರ್ಸ್ ಹೆಸರಿನಲ್ಲಿ ‘ಏಯರ್ಸ್ ರಾಕ್’ ಅಂತ ಕರೆದ. ಹತ್ತಾರು ಸಾವಿರ ವರ್ಷಗಳಿಂದ ಜನ ಬದುಕಿದ್ದ ಜಾಗ ಒಂದೇ ದಿನದಲ್ಲಿ ಬೇರೆಯವರ ಹೆಸರಿಗೆ ಆಯ್ತು. 1958ರಲ್ಲಿ ಪ್ರವಾಸೋದ್ಯಮಕ್ಕಾಗಿ ಇದನ್ನು ಮೂಲನಿವಾಸಿಗಳ ಮೀಸಲು ಪ್ರದೇಶದಿಂದ ಹೊರತೆಗೆದರು. 1960ರ ದಶಕದಲ್ಲಿ ಬಂಡೆ ಹತ್ತುವವರಿಗೆ ಹಿಡಿದುಕೊಳ್ಳೋಕೆ ಕಂಬ ನೆಟ್ಟು ಸರಪಳಿ ಕಟ್ಟಿದರು. ‘ಹತ್ತಿ ಬಂದ್ರಾ?’ ಅನ್ನೋದೇ ಆಗ ಎಲ್ಲರ ಪ್ರಶ್ನೆ.

1985ರ ಅಕ್ಟೋಬರ್ 26ರಂದು ಸರ್ಕಾರ ಜಮೀನಿನ ಹಕ್ಕುಪತ್ರವನ್ನು ಅಣಂಗುಗೆ ವಾಪಸ್ ಕೊಟ್ಟಿತು. ಆದರೆ ಷರತ್ತುಗಳಿದ್ದವು: ಅದೇ ಜಮೀನನ್ನು 99 ವರ್ಷಕ್ಕೆ ರಾಷ್ಟ್ರೀಯ ಉದ್ಯಾನವಾಗಿ ಸರ್ಕಾರಕ್ಕೆ ಗುತ್ತಿಗೆ ಕೊಡಬೇಕು, ಪ್ರವಾಸಿಗಳು ಬಂಡೆ ಹತ್ತೋದು ಮುಂದುವರಿಯಬೇಕು. ಹತ್ತುವ ದಾರಿ ಮಾಲ ಜನರು ನಡೆದ ಪವಿತ್ರ ದಾರಿ. ಅಣಂಗು ಬುಡದಲ್ಲಿ ಫಲಕ ಹಾಕಿ ದಯವಿಟ್ಟು ಹತ್ತಬೇಡಿ ಅಂತ ಕೇಳಿಕೊಂಡರು. ತಡೆಯಲಿಲ್ಲ, ಕೇಳಿಕೊಂಡರು ಅಷ್ಟೇ. ವರ್ಷಗಳು ಕಳೆದಂತೆ 35ಕ್ಕೂ ಹೆಚ್ಚು ಮಂದಿ ಹತ್ತುವಾಗ ಸತ್ತರು. ತಮ್ಮ ನೆಲಕ್ಕೆ ಬಂದ ಅತಿಥಿ ಸತ್ತರೆ ಅದು ತಮ್ಮ ಹೊಣೆ ಅಂತ ಅಣಂಗು ಪ್ರತಿ ಸಲವೂ ಕೊರಗಿದರು.

ಕೊನೆಗೆ 2017ರಲ್ಲಿ ಉದ್ಯಾನದ ಆಡಳಿತ ಮಂಡಳಿ ಒಮ್ಮತದಿಂದ ತೀರ್ಮಾನ ಮಾಡಿತು. 12 ಸದಸ್ಯರ ಈ ಮಂಡಳಿಯಲ್ಲಿ 8 ಮಂದಿ ಅಣಂಗು. ಆಗ ಅಧ್ಯಕ್ಷರಾಗಿದ್ದ ಸ್ಯಾಮಿ ವಿಲ್ಸನ್, ಇದು ಬಹಳ ಮುಖ್ಯವಾದ ಸ್ಥಳ, ಡಿಸ್ನಿಲ್ಯಾಂಡ್ ಥರದ ಆಟದ ಜಾಗ ಅಲ್ಲ ಅನ್ನುವ ಅರ್ಥದಲ್ಲಿ ಮಾತಾಡಿದ್ದರು. ಹಕ್ಕುಪತ್ರ ಕೊಟ್ಟು ಸರಿಯಾಗಿ 34 ವರ್ಷಕ್ಕೆ, 2019ರ ಅಕ್ಟೋಬರ್ 26ರಂದು, ಹತ್ತೋದು ಶಾಶ್ವತವಾಗಿ ನಿಂತಿತು. ಹಿಂದಿನ ದಿನ ಹತ್ತೋಕೆ ಉದ್ದನೆ ಸಾಲು ಇತ್ತು. ಈಗ ಸರಪಳಿ ಇಲ್ಲ. ಲಕ್ಷಾಂತರ ಪಾದಗಳು ಸವೆಸಿದ ಬಿಳಿಚಿದ ಗೆರೆ ಮಾತ್ರ ಬಂಡೆಯ ಮೈಮೇಲೆ ಇನ್ನೂ ಕಾಣುತ್ತೆ.

ಅಲ್ಲಿಂದ ಚೂರು ಕಲ್ಲು ನೆನಪಿಗೆ ತಗೊಂಡು ಹೋದವರು ಆಮೇಲೆ ಕ್ಷಮೆ ಕೇಳಿ ಪಾರ್ಸೆಲ್‌ನಲ್ಲಿ ವಾಪಸ್ ಕಳಿಸುವುದೂ ಉಂಟು. ಅಂಥ ಕಲ್ಲುಗಳಿಗೆ ‘ಸಾರಿ ರಾಕ್ಸ್’ ಅಂತಲೇ ಹೆಸರು.

ಕಥೆಯಿಂದ ಕೆಲಸವೂ ಆಗುತ್ತೆ

ಜುಕುರ್ಪ ಬರೀ ಭಕ್ತಿಯ ವಿಷಯ ಅಂತ ತಿಳಿಯಬೇಡಿ. ಇಲ್ಲಿಯ ಜನ ಮೊದಲಿಂದಲೂ ಒಣಹುಲ್ಲನ್ನು ತಂಪು ಕಾಲದಲ್ಲಿ ತುಂಡು ತುಂಡಾಗಿ ಸುಡುತ್ತಿದ್ದರು. ಆ ಪದ್ಧತಿ ನಿಂತುಹೋಗಿದ್ದ ಕಾಲದಲ್ಲಿ, 1976ರಲ್ಲಿ, ಕಾಳ್ಗಿಚ್ಚು ಎದ್ದು ಉದ್ಯಾನದ ಸುಮಾರು ಮುಕ್ಕಾಲು ಭಾಗ ಸುಟ್ಟುಹೋಯ್ತು. ಈಗ ರೇಂಜರ್‌ಗಳು ಅಣಂಗು ಹಿರಿಯರನ್ನು ಕೇಳಿಕೊಂಡು ಹಳೆಯ ಕ್ರಮದಲ್ಲೇ ಬೆಂಕಿ ಹಾಕ್ತಾರೆ. ಕಥೆಯ ನಾಯಕನಾದ ಮಾಲ ಪ್ರಾಣಿ ಈ ಸುತ್ತಿನಲ್ಲಿ ಪೂರ್ತಿ ಕಣ್ಮರೆಯಾಗಿತ್ತು. 2005ರಲ್ಲಿ 170 ಹೆಕ್ಟೇರ್ ಜಾಗಕ್ಕೆ ಬೇಲಿ ಹಾಕಿ ಮತ್ತೆ ತಂದು ಬಿಟ್ಟಿದ್ದಾರೆ. ಬೆಕ್ಕು, ನರಿಗಳ ಕಾಟವಿಲ್ಲದೆ ಅವು ಅಲ್ಲಿ ಬೆಳೀತಿವೆ.

ನೀವು ಹೋಗೋದಾದರೆ

ಮೇ ತಿಂಗಳಿಂದ ಸೆಪ್ಟೆಂಬರ್ ತನಕ ಒಳ್ಳೆಯ ಕಾಲ. ಹಗಲು ಹಿತವಾಗಿರುತ್ತೆ, ಆದರೆ ರಾತ್ರಿ ಸೊನ್ನೆಗೂ ಕೆಳಗೆ ಇಳಿಯಬಹುದು. ಸ್ವೆಟರ್, ಟೋಪಿ ಬೇಕೇ ಬೇಕು. ಡಿಸೆಂಬರ್ ರಜೆಗೆ ಹೋದರೆ 40 ಡಿಗ್ರಿ ಬಿಸಿಲು, ಮುಖಕ್ಕೆ ಮುತ್ತುವ ನೊಣ. ತಂಗೋಕೆ ಯುಲಾರ ಎಂಬ ಪುಟ್ಟ ಊರು, ಅಲ್ಲೇ ವಿಮಾನ ನಿಲ್ದಾಣ. ಆಲಿಸ್ ಸ್ಪ್ರಿಂಗ್ಸ್‌ನಿಂದ ಕಾರಿನಲ್ಲಾದರೆ ಸುಮಾರು 450 ಕಿಲೋಮೀಟರ್. ಯುಲಾರದಲ್ಲಿ ಸೂಪರ್ ಮಾರ್ಕೆಟ್ ಇದೆ. ಸಸ್ಯಾಹಾರಿಗಳು ಅಡುಗೆಮನೆ ಇರುವ ರೂಮ್ ತಗೊಂಡರೆ ಅನ್ನ ಸಾರಿಗೆ ಮೋಸವಿಲ್ಲ.

ಉದ್ಯಾನದ ಪ್ರವೇಶಕ್ಕೆ ದೊಡ್ಡವರಿಗೆ ಮೂರು ದಿನಕ್ಕೆ 38 ಡಾಲರ್, ಮಕ್ಕಳಿಗೆ ಉಚಿತ. ಈ ಹಣದ ಕಾಲು ಭಾಗ ಅಣಂಗುಗೆ ಸೇರುತ್ತೆ. ಮೊದಲು ಸಾಂಸ್ಕೃತಿಕ ಕೇಂದ್ರಕ್ಕೆ ಹೋಗಿ. ಮಣ್ಣಿನ ಇಟ್ಟಿಗೆಯ ಆ ಕಟ್ಟಡಗಳು ಕುನಿಯ, ಲಿರು ಎಂಬ ಎರಡು ಪುರಾಣದ ಹಾವುಗಳ ರೂಪದಲ್ಲಿವೆ. ಅಲ್ಲೇ ಅಣಂಗು ಕಲಾವಿದರ ಒಡೆತನದ ‘ಮಾರುಕು ಆರ್ಟ್ಸ್’ ಇದೆ. ಚುಕ್ಕಿ ಚಿತ್ರ, ಮರದ ಕೆತ್ತನೆ ಕೊಂಡರೆ ದುಡ್ಡು ಮಾಡಿದವರಿಗೇ ಹೋಗುತ್ತೆ. ಇನ್ನೊಂದು ದಿನ ಇದ್ದರೆ ಕಟ ಜುಟ ನೋಡಿ. ‘ಬಹಳ ತಲೆಗಳು’ ಅಂತ ಅದರ ಅರ್ಥ, 36 ಗುಮ್ಮಟಗಳ ಸಾಲು. ಅದು ಗಂಡಸರ ಪವಿತ್ರ ಸ್ಥಳ. ಹಾಗಾಗಿ ಅಲ್ಲಿ ಪ್ರವಾಸಿಗಳಿಗೆ ಕಥೆ ಹೇಳೋದೇ ಇಲ್ಲ, ಸುಮ್ಮನೆ ನಡೆಯಬೇಕು.

ಹಣ ಕೊಟ್ಟು ಟೂರ್ ಬುಕ್ ಮಾಡುವಾಗ ಒಂದು ಪ್ರಶ್ನೆ ಕೇಳಿ: ಕಥೆ ಹೇಳುವವರು ಯಾರು? ಎಲ್ಲ ಟೂರ್‌ಗಳಲ್ಲೂ ಅಣಂಗು ಇರೋದಿಲ್ಲ. ಒಂಟೆ ಸವಾರಿ, ಸೂರ್ಯಾಸ್ತದ ಊಟ ಇವೆಲ್ಲ ಚೆನ್ನಾಗೇ ಇರುತ್ತೆ. ಆದರೆ ಆ ನೆಲದವರೇ ಮಾತಾಡುವ ಟೂರ್ ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ. ಅವರು ಅರ್ಧಕ್ಕೆ ನಿಲ್ಲಿಸಿದರೆ ದುಡ್ಡು ದಂಡ ಆಯ್ತು ಅಂದುಕೊಳ್ಳಬೇಡಿ. ಒಂದು ಕಾಲದಲ್ಲಿ ಹೆಸರು, ಜಮೀನು, ದಾರಿ ಎಲ್ಲವನ್ನೂ ಕೇಳದೆ ತಗೊಂಡರು. ಉಳಿದ ಕಥೆಯನ್ನಾದರೂ ಅವರು ತಮ್ಮ ಮಕ್ಕಳಿಗೆ ಇಟ್ಟುಕೊಳ್ಳಲಿ.