ಗೆಳೆಯನೊಡನೆ ಗಿರಿಯಾತ್ರೆ

"ದೂರದ ಬೆಟ್ಟ ನುಣ್ಣಗೆ" ಎಂಬ ಗಾದೆಯನ್ನು ಅರಿಯದ ಕನ್ನಡಿಗರಿಲ್ಲ. ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳಲ್ಲಿ ನೆಲೆಸಿರುವ ನಮಗಂತೂ ಅದು ದಿನವೂ ಕಣ್ಣೆದುರಿಗಿರುವ ನೋಟವಾಗಿದೆ. ಮಳೆ ನಿಂತ ಮರುದಿನ ಬೆಳಗಿನಲ್ಲಿ ಪಶ್ಚಿಮದ ಕಡೆಗೆ ದೃಷ್ಟಿ ಹಾಯಿಸಿದರೆ ನೀಲವರ್ಣದ ಗಿರಿಪಂಕ್ತಿಯು ಗೋಡೆಯಂತೆ ನಿಂತಿರುವುದು. ಆದರೆ ಆ ಗೋಡೆಯ ಮೇಲೆ ಕಾಲಿಟ್ಟವರು ನಮ್ಮಲ್ಲಿ ಎಷ್ಟು ಮಂದಿ? ರಜೆ ಬಂದರೆ ಉದಕಮಂಡಲಕ್ಕೆ ಬಸ್ಸಿನಲ್ಲಿ ಹೋಗಿ ಬಸ್ಸಿನಲ್ಲಿಯೇ ಮರಳುವವರೇ ಹೆಚ್ಚು. ಯೂರೋಪಿನ ತರುಣರು ಹಾಗಲ್ಲ. ಬೇಸಿಗೆಯ ಬಿಡುವು ದೊರೆತೊಡನೆ ಬೆನ್ನಿಗೊಂದು ಚೀಲ ಹಾಕಿಕೊಂಡು, ಜೊತೆಗೊಬ್ಬ ಗೆಳೆಯನನ್ನು ಕರೆದುಕೊಂಡು, ಆಲ್ಪ್ಸ್ ಪರ್ವತಗಳಲ್ಲಿ ದಿನಗಟ್ಟಲೆ ಕಾಲ್ನಡೆಯಲ್ಲಿ ಸಂಚರಿಸುವುದು ಅವರಲ್ಲಿ ವಾಡಿಕೆಯಾಗಿದೆ. ಈ ವಾಡಿಕೆ ಹೇಗೆ ಹುಟ್ಟಿತು, ನಮ್ಮ ಸೀಮೆಯ ಬೆಟ್ಟಗಳಲ್ಲಿ ಅದನ್ನು ಅನುಸರಿಸುವ ಬಗೆ ಯಾವುದು, ಅದರಲ್ಲಿ ಅಡಗಿರುವ ಅಪಾಯಗಳಾವುವು ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇವೆ.

ಆಲ್ಪ್ಸಿನ ಇಬ್ಬರು ಸಂಗಡಿಗರು

ಆಲ್ಪ್ಸ್ ಪರ್ವತಶ್ರೇಣಿಯು ಫ್ರಾನ್ಸಿನಿಂದ ಸ್ಲೊವೇನಿಯದವರೆಗೆ ಸುಮಾರು 1,200 ಕಿಲೋಮೀಟರ್ ಉದ್ದಕ್ಕೆ ಬಿಲ್ಲಿನಂತೆ ಬಾಗಿ ಹಬ್ಬಿದೆ. ಅದರ ಅತ್ಯುನ್ನತ ಶಿಖರವಾದ ಮಾಂಟ್ ಬ್ಲಾಂಕ್ ಸುಮಾರು 4,800 ಮೀಟರ್ ಎತ್ತರವುಳ್ಳದ್ದು. ಮುನ್ನೂರು ವರ್ಷಗಳ ಹಿಂದೆ ಜನರು ಆ ಹಿಮಶಿಖರಗಳನ್ನು ಭಯದಿಂದ ನೋಡುತ್ತಿದ್ದರೇ ಹೊರತು ಅವುಗಳನ್ನು ಏರುವ ಆಲೋಚನೆಯನ್ನೇ ಮಾಡುತ್ತಿರಲಿಲ್ಲ. 1760ರಲ್ಲಿ ಜಿನೀವಾದ ವಿಜ್ಞಾನಿ ಸೊಸ್ಯೂರ್ ಎಂಬಾತನು ಮಾಂಟ್ ಬ್ಲಾಂಕಿಗೆ ದಾರಿ ಕಂಡುಹಿಡಿದವರಿಗೆ ಬಹುಮಾನ ಕೊಡುವುದಾಗಿ ಸಾರಿದನು. ಇಪ್ಪತ್ತಾರು ವರ್ಷ ಕಳೆದ ಮೇಲೆ, 1786ನೆಯ ಆಗಸ್ಟ್ 8ರಂದು, ಶಮೋನಿ ಎಂಬ ಹಳ್ಳಿಯ ಇಬ್ಬರು ಅದನ್ನು ಸಾಧಿಸಿದರು. ಒಬ್ಬನು ಊರಿನ ವೈದ್ಯನಾದ ಪಕ್ಕಾರ್. ಮತ್ತೊಬ್ಬನು ಬೆಟ್ಟಗಳಲ್ಲಿ ಸ್ಫಟಿಕದ ಕಲ್ಲುಗಳನ್ನು ಹುಡುಕಿ ಮಾರಿ ಬದುಕುತ್ತಿದ್ದ ಬಲ್ಮಾ. ಒಬ್ಬನಿಗೆ ವಿದ್ಯೆ, ಇನ್ನೊಬ್ಬನಿಗೆ ಬೆಟ್ಟದ ಪರಿಚಯ. ಎರಡೂ ಕೂಡಿದುದರಿಂದಲೇ ಕಾರ್ಯ ಕೈಗೂಡಿತು. ಹಿಮದ ಪ್ರಖರ ಬೆಳಕಿನಿಂದ ವೈದ್ಯನ ಕಣ್ಣುಗಳು ಮಂಜಾದರೂ ಇಬ್ಬರೂ ಜೀವಸಹಿತ ಊರಿಗೆ ಮರಳಿದರು.

ಆದರೆ ಅನಂತರದ ಕಥೆ ವಿಷಾದಕರ. ಏರಿದ ಕೀರ್ತಿ ಯಾರಿಗೆ ಸಲ್ಲಬೇಕೆಂಬ ವಿವಾದವೆದ್ದಿತು. 1887ರಲ್ಲಿ ಶಮೋನಿಯಲ್ಲಿ ಸ್ಥಾಪಿಸಿದ ಸ್ಮಾರಕದಲ್ಲಿ ಸೊಸ್ಯೂರನೂ ಬಲ್ಮಾನೂ ನಿಂತಿದ್ದಾರೆ, ವೈದ್ಯನಿಲ್ಲ. ಪಕ್ಕಾರನಿಗೆ ಪ್ರತ್ಯೇಕ ಪ್ರತಿಮೆ ದೊರೆತುದು 1986ರಲ್ಲಿ, ಸರಿಯಾಗಿ ಇನ್ನೂರು ವರ್ಷಗಳ ತರುವಾಯ. ಜೊತೆಯಲ್ಲಿ ಏರಿದ ಬೆಟ್ಟದ ಕೀರ್ತಿ ಇಬ್ಬರದೆಂಬುದನ್ನು ಮರೆಯುವುದು ಎಷ್ಟು ಸುಲಭವೆಂಬುದಕ್ಕೆ ಇದೊಂದು ನಿದರ್ಶನ.

ಹತ್ತೊಂಬತ್ತನೆಯ ಶತಮಾನದಲ್ಲಿ ಪರ್ವತಾರೋಹಣ ಸಂಘಗಳು ಹುಟ್ಟಿಕೊಂಡವು. 1857ರಲ್ಲಿ ಲಂಡನ್ನಿನಲ್ಲಿ ಆಲ್ಪೈನ್ ಕ್ಲಬ್ಬು, 1863ರಲ್ಲಿ ಸ್ವಿಟ್ಜರ್ಲೆಂಡಿನ ಸಂಘ ಸ್ಥಾಪಿತವಾದವು. ಆಲ್ಪ್ಸಿನ ಸಂಘಗಳು ನಮ್ಮ ಧರ್ಮಛತ್ರಗಳನ್ನು ಹೋಲುವ ತಂಗುಮನೆಗಳನ್ನು ಬೆಟ್ಟದ ಮೇಲೆಯೇ ಕಟ್ಟಿಸಿದವು. ಕವಲುದಾರಿಗಳಲ್ಲಿ ಫಲಕಗಳನ್ನು ನೆಡಲಾಯಿತು. ಸ್ವಿಟ್ಜರ್ಲೆಂಡಿನ ಹಳದಿ ಫಲಕಗಳ ಮೇಲೆ ದೂರವನ್ನಲ್ಲ, ಮುಂದಿನ ಊರಿಗೆ ತಗಲುವ ವೇಳೆಯನ್ನು ಬರೆದಿರುತ್ತಾರೆ. ಬೆಟ್ಟದಲ್ಲಿ ಕಿಲೋಮೀಟರಿಗಿಂತ ಗಂಟೆಯೇ ನಿಜವಾದ ಅಳತೆ. ಹೀಗೆ ಸಾಹಸಿಗರ ಮಾರ್ಗವಾಗಿದ್ದುದು ಸಾಮಾನ್ಯ ಕುಟುಂಬಗಳ ವಿಹಾರಮಾರ್ಗವಾಯಿತು.

ನಮ್ಮ ಸೀಮೆಯ ಗಿರಿಗಳು

ಇಂತಹ ಸೌಭಾಗ್ಯಕ್ಕೆ ಯೂರೋಪಿಗೇ ಹೋಗಬೇಕೆಂಬುದಿಲ್ಲ. ಕೊಯಮತ್ತೂರಿನ ಕಲೆಕ್ಟರನಾಗಿದ್ದ ಜಾನ್ ಸಲಿವನ್ 1819ರಲ್ಲಿ ನೀಲಗಿರಿಯನ್ನು ಏರಿ, ಆ ನಾಡು ಸ್ವಿಟ್ಜರ್ಲೆಂಡನ್ನು ಹೋಲುವುದೆಂದು ಮನ್ರೋವಿಗೆ ಪತ್ರ ಬರೆದನು. ಅದಕ್ಕೆ ಹಿಂದಿನ ವರ್ಷ ಅವನ ಕೈಕೆಳಗಿನ ವಿಷ್ ಮತ್ತು ಕಿಂಡರ್ಸ್ಲಿ ಎಂಬ ಇಬ್ಬರು ಅಧಿಕಾರಿಗಳು ಜೊತೆಯಾಗಿ ಬೆಟ್ಟವೇರಿ ಬಂದು ಅಲ್ಲಿಯ ತಂಪುಹವೆಯನ್ನು ವರ್ಣಿಸಿದ್ದರು. ಆಂಗ್ಲರು ಇದನ್ನು "ಕಂಡುಹಿಡಿದರು" ಎನ್ನುವುದು ಮಾತ್ರ ಸರಿಯಲ್ಲ. ತೋದರು, ಕೋತರು, ಕುರುಂಬರು, ಬಡಗರು ಬಹು ಹಿಂದಿನಿಂದ ಅಲ್ಲಿ ವಾಸಿಸುತ್ತಿದ್ದರು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಪುಣಿಸನು ತೋದರನ್ನು ಬೆದರಿಸಿ ನೀಲಾದ್ರಿಯನ್ನು ವಶಪಡಿಸಿಕೊಂಡನೆಂದು ಚಾಮರಾಜನಗರದ 1117ರ ಕನ್ನಡ ಶಾಸನವು ಹೇಳುತ್ತದೆ. ಅಲ್ಲಿಯ ಅತ್ಯುನ್ನತ ಶಿಖರದ ಹೆಸರು ದೊಡ್ಡಬೆಟ್ಟ. ಎತ್ತರ 2,637 ಮೀಟರ್. ಅದರ ಅರ್ಥವನ್ನು ಕನ್ನಡದ ಮಕ್ಕಳಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ನೀಲಗಿರಿಗೂ ಆನೆಮಲೆಗೂ ನಡುವೆ ಪಶ್ಚಿಮ ಘಟ್ಟಗಳ ಗೋಡೆ ಒಡೆದು ಬಾಗಿಲಿನಂತೆ ತೆರೆದಿದೆ. ಅದೇ ಪಾಲ್ಘಾಟಿನ ಕಣಿವೆ. ನಮ್ಮ ಊರುಗಳಲ್ಲಿ ಆಷಾಢದಲ್ಲಿ ಬೀಸುವ ಗಾಳಿಗೆ ಈ ಬಾಗಿಲೇ ಕಾರಣ. ಉಡುಮಲೈ, ಪಲ್ಲಡಂ ಕಡೆಯ ಗಾಳಿಯಂತ್ರಗಳು ತಿರುಗುವುದೂ ಇದರಿಂದಲೇ. ಬಾಗಿಲಿನ ಉತ್ತರದ ಅಂಚಿನಲ್ಲಿ ನಮಗೆ ಅತಿ ಸಮೀಪವಾಗಿ ನಿಂತಿರುವುದು ವೆಳ್ಳಿಯಂಗಿರಿ. ತಮಿಳಿನ "ವೆಳ್ಳಿ"ಯೇ ಕನ್ನಡದ "ಬೆಳ್ಳಿ". ಆದುದರಿಂದ ಅದನ್ನು ಬೆಳ್ಳಿಯ ಬೆಟ್ಟವೆಂದು ಕರೆಯಲು ಅಡ್ಡಿಯಿಲ್ಲ.

ಏಳು ಬೆಟ್ಟಗಳ ದಾರಿ

ವೆಳ್ಳಿಯಂಗಿರಿಯನ್ನು ಭಕ್ತರು ದಕ್ಷಿಣ ಕೈಲಾಸವೆಂದು ಪೂಜಿಸುತ್ತಾರೆ. ಬುಡದ ಪೂಂಡಿ ದೇವಾಲಯದಿಂದ ಏಳು ಬೆಟ್ಟಗಳನ್ನು ಒಂದಾದ ಮೇಲೊಂದರಂತೆ ದಾಟಿದರೆ ಸುಮಾರು 1,778 ಮೀಟರ್ ಎತ್ತರದಲ್ಲಿ, ದೊಡ್ಡ ಬಂಡೆಗಳ ನಡುವಣ ಗುಹೆಯಲ್ಲಿ ಸ್ವಯಂಭೂ ಲಿಂಗದ ದರ್ಶನವಾಗುವುದು. ದಾರಿಯ ಉದ್ದ ಸುಮಾರು ಆರು ಕಿಲೋಮೀಟರ್. ಫೆಬ್ರವರಿಯಿಂದ ಮೇ ತಿಂಗಳವರೆಗೆ ಮಾತ್ರ ಏರಲು ಅನುಮತಿಯುಂಟು. ಮಹಾಶಿವರಾತ್ರಿಗೂ ಚೈತ್ರದ ಹುಣ್ಣಿಮೆಗೂ ಜನಸಂದಣಿ ಅಪಾರ. ಬುಡದಲ್ಲಿ ಊರುಗೋಲಿಗಾಗಿ ಬಿದಿರಿನ ದೊಣ್ಣೆ ದೊರೆಯುವುದು. ಮೊದಲನೆಯ ಬೆಟ್ಟ ಕಲ್ಲಿನ ಮೆಟ್ಟಿಲುಗಳಿಂದ ಕೂಡಿದ್ದು ಬಹು ಕಡಿದಾಗಿದೆ. ಮುಂದೆ ವಳುಕ್ಕು ಪಾರೈ ಎಂಬ ಜಾರುಬಂಡೆ. ಅಲ್ಲಲ್ಲಿ ಸುನೈ ಎಂಬ ಬಂಡೆಯ ಒರತೆಗಳು. ಮೇಲೇರಿದಂತೆ ದಟ್ಟವಾದ ಮರಗಳು ಹಿಂದೆ ಸರಿದು, ಹುಲ್ಲುಗಾವಲೂ ಅದರ ಮಡಿಲುಗಳಲ್ಲಿ ಶೋಲಾ ಕಾಡೂ ಕಾಣಿಸಿಕೊಳ್ಳುವುವು.

ನಾವು ನಮ್ಮ ಗೆಳೆಯರೊಬ್ಬರೊಡನೆ ಮೊದಲ ಸಲ ಈ ದಾರಿಯಲ್ಲಿ ನಡೆದಾಗ ಐದನೆಯ ಬೆಟ್ಟದಲ್ಲಿ ಅವರ ಮೊಣಕಾಲು ಹಿಡಿದುಕೊಂಡಿತು. ಶಿಖರವು ಎದುರಿಗೇ ಇದ್ದಂತೆ ತೋರುತ್ತಿತ್ತು. "ನೀವು ಹೋಗಿ ಬನ್ನಿ, ನಾನಿಲ್ಲಿ ಕುಳಿತಿರುತ್ತೇನೆ" ಎಂದು ಅವರು ಹೇಳಿದರು. ನಾವು ಹೋಗಲಿಲ್ಲ, ಇಬ್ಬರೂ ನಿಧಾನವಾಗಿ ಇಳಿದು ಬಂದೆವು. ಮರುವರ್ಷ ಇಬ್ಬರೂ ಕೂಡಿಯೇ ಏರಿದೆವು. ಬೆಟ್ಟವು ಎಲ್ಲಿಗೂ ಹೋಗಿರಲಿಲ್ಲ.

ಏರುವಾಗ ದೇಹದಲ್ಲಿ ಆಗುವುದೇನು?

ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುವುದು. ಮಾಂಟ್ ಬ್ಲಾಂಕಿನ ತುದಿಯಲ್ಲಿ ವಾಯುವಿನ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ಅಲ್ಲಿ ತಲೆನೋವು, ವಾಕರಿಕೆ ಬರುವುದು ಸಹಜ. ಆದರೆ ಈ ಪರ್ವತವ್ಯಾಧಿ ಸಾಮಾನ್ಯವಾಗಿ 2,500 ಮೀಟರಿಗಿಂತ ಮೇಲೆ ಕಾಣಿಸುವುದು. ವೆಳ್ಳಿಯಂಗಿರಿ ಅಷ್ಟು ಎತ್ತರವಿಲ್ಲ. ಹಾಗಿದ್ದರೂ 2024ರ ಯಾತ್ರಾಕಾಲದಲ್ಲಿ ಹಲವರು ದಾರಿಯಲ್ಲಿಯೇ ಕುಸಿದು ಪ್ರಾಣ ಬಿಟ್ಟರು. ಇಲ್ಲಿ ಅಪಾಯವಿರುವುದು ತೆಳುಗಾಳಿಯಲ್ಲಲ್ಲ, ಕಡಿದಾದ ಏರಿನಲ್ಲಿ ಮತ್ತು ಅವಸರದಲ್ಲಿ. ಶರೀರವನ್ನು ಮೇಲಕ್ಕೆ ಎತ್ತುವಾಗ ಕಾಲಿನ ಸ್ನಾಯುಗಳು ಹೆಚ್ಚು ರಕ್ತವನ್ನು ಬೇಡುವುವು. ಹೃದಯವು ವೇಗವಾಗಿ ಬಡಿದು ಅದನ್ನು ಒದಗಿಸಬೇಕು. ವರ್ಷವಿಡೀ ಕುರ್ಚಿಯಲ್ಲಿ ಕುಳಿತವನು ಒಂದು ರಾತ್ರಿ ನಿದ್ದೆಗೆಟ್ಟು, ನೀರು ಕುಡಿಯದೆ, ಇತರರೊಡನೆ ಪೈಪೋಟಿಯಿಂದ ಏರಿದರೆ ಆ ಹೊರೆ ಹೃದಯಕ್ಕೆ ಮಿತಿಮೀರುವುದು. ಹೃದ್ರೋಗ, ಉಬ್ಬಸ, ರಕ್ತದೊತ್ತಡವುಳ್ಳವರು ವೈದ್ಯರನ್ನು ಕೇಳದೆ ಹೊರಡಕೂಡದು.

ಎಷ್ಟು ವೇಳೆ ಬೇಕೆಂಬುದಕ್ಕೆ 1892ರಲ್ಲಿ ಸ್ಕಾಟ್ಲೆಂಡಿನ ನೇಸ್ಮಿತ್ ಎಂಬಾತನು ಒಂದು ಲೆಕ್ಕವನ್ನು ಹೇಳಿದನು. ಪ್ರತಿ ಐದು ಕಿಲೋಮೀಟರಿಗೆ ಒಂದು ಗಂಟೆ. ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ವೆಳ್ಳಿಯಂಗಿರಿಯ ಏರು 1,200 ಮೀಟರ್ ಎಂದಿಟ್ಟುಕೊಂಡರೆ ವಿದ್ಯಾರ್ಥಿಗಳು ತಾವೇ ಲೆಕ್ಕ ಮಾಡಬಹುದು. ಉತ್ತರ ಮೂರು ಗಂಟೆಗಿಂತ ಸ್ವಲ್ಪ ಹೆಚ್ಚು. ಇದು ಗಟ್ಟಿಮುಟ್ಟಾದ ನಡೆಗಾರನ ಲೆಕ್ಕ, ವಿಶ್ರಾಂತಿ ಸೇರಿಲ್ಲ. ಸಾಮಾನ್ಯರಿಗೆ ಇದರ ಇಮ್ಮಡಿ ಬೇಕಾದರೂ ನಾಚಿಕೊಳ್ಳಬೇಕಾದುದಿಲ್ಲ. ಇಳಿಯುವುದು ಸುಲಭವೆಂದೂ ಭಾವಿಸಬಾರದು. ಇಳಿಯುವಾಗ ಮೈಭಾರವೆಲ್ಲ ಮೊಣಕಾಲಿನ ಮೇಲೆ ಬೀಳುವುದು. ದಣಿದ ಕಾಲು ಜಾರುವುದೂ ಆಗಲೇ.

ಇನ್ನು ಹವೆಯ ಮಾತು. ಪ್ರತಿ ಸಾವಿರ ಮೀಟರ್ ಏರಿದಂತೆ ಶಾಖವು ಸುಮಾರು ಆರೂವರೆ ಡಿಗ್ರಿಯಷ್ಟು ಕಡಮೆಯಾಗುವುದು. ಕೊಯಮತ್ತೂರು ನಗರವಿರುವುದು ಸುಮಾರು 410 ಮೀಟರ್ ಎತ್ತರದಲ್ಲಿ. ಅಂದರೆ ವೆಳ್ಳಿಯಂಗಿರಿಯ ತುದಿ ನಗರಕ್ಕಿಂತ ಎಂಟೊಂಬತ್ತು ಡಿಗ್ರಿ ತಂಪು. ಬೆವರಿದ ಮೈಗೆ ರಾತ್ರಿಯ ಗಾಳಿ ಬೀಸಿದರೆ ಬೇಸಿಗೆಯಲ್ಲಿಯೂ ನಡುಕ ಹುಟ್ಟುವುದು.

ಗೆಳೆಯನೇಕೆ ಬೇಕು?

ಗೆಳೆಯನು ಬೇಸರ ಕಳೆಯುವುದಕ್ಕೆ ಮಾತ್ರವಲ್ಲ. ದೇಹದ ದಣಿವನ್ನು ಅಳೆಯಲು ಸುಲಭವಾದ ಸಾಧನ ಮಾತು. ಜೊತೆಯವನೊಡನೆ ಒಂದು ಪೂರ್ಣ ವಾಕ್ಯವನ್ನು ಏದುಸಿರಿಲ್ಲದೆ ಆಡಬಲ್ಲೆವಾದರೆ ನಡಿಗೆ ಹಿತಮಿತವಾಗಿದೆ. ಮಾತು ತುಂಡಾಗುತ್ತಿದ್ದರೆ ನಿಲ್ಲಬೇಕು. ಒಬ್ಬಂಟಿಗನಿಗೆ ಈ ಅಳತೆಗೋಲು ಇಲ್ಲ. ಕಾಲು ಉಳುಕಿದರೆ ಚೀಲ ಹೊರುವವನು, ಪ್ರಜ್ಞೆ ತಪ್ಪಿದರೆ ಸಹಾಯಕ್ಕೆ ಕೂಗುವವನು, "ಇಂದು ಸಾಕು" ಎಂದು ಹೇಳುವವನು ಗೆಳೆಯನೇ. ಮುಂದೆ ಓಡಿ ತುದಿಯಲ್ಲಿ ಕಾಯುವವನು ಗೆಳೆಯನಲ್ಲ. ಇಬ್ಬರಲ್ಲಿ ನಿಧಾನವಾಗಿ ನಡೆಯುವವನ ಹೆಜ್ಜೆಯೇ ಇಬ್ಬರ ಹೆಜ್ಜೆಯಾಗಬೇಕು. ಇದು ಗಿರಿಯಾತ್ರೆಯ ಮೊದಲನೆಯ ನಿಯಮ.

ಆದರೆ ಇಬ್ಬರಿದ್ದರೆ ಸಾಲದು, ದಾರಿ ಬಲ್ಲವರೂ ಅನುಮತಿಯೂ ಅವಶ್ಯ. 2018ನೆಯ ಮಾರ್ಚ್ 11ರಂದು ತೇಣಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಕಾಡುಗಿಚ್ಚಿಗೆ ಸಿಲುಕಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಮೃತರಾದರು. ಅವರಿದ್ದ ತಂಡಗಳು ಚೆನ್ನೈ, ಈರೋಡು, ತಿರುಪ್ಪೂರು ಕಡೆಗಳಿಂದ ಹೊರಟಿದ್ದವು. ಮಾರ್ಚ್ ತಿಂಗಳಿನಲ್ಲಿ ಒಣಗಿನಿಂತ ಹುಲ್ಲಿಗೆ ಬೆಂಕಿ ತಗುಲಿದರೆ ಅದು ಗಾಳಿಯೊಡನೆ ಮನುಷ್ಯನಿಗಿಂತ ವೇಗವಾಗಿ ಏರುವುದು. ಈ ದುರಂತದ ಬಳಿಕ ಸರ್ಕಾರವು ಚಾರಣಕ್ಕೆ ನಿಯಮಗಳನ್ನು ಬಿಗಿಗೊಳಿಸಿತು. 2024ರ ಅಕ್ಟೋಬರಿನಲ್ಲಿ ಅರಣ್ಯ ಇಲಾಖೆಯ ಮೇಲ್ವಿಚಾರಣೆಯಲ್ಲಿ, ಸ್ಥಳೀಯ ಮಾರ್ಗದರ್ಶಕರೊಡನೆ ನಡೆಯುವಂತೆ 40 ದಾರಿಗಳ ಯೋಜನೆಯೊಂದು ಆರಂಭವಾಯಿತು. ಅನುಮತಿಯಿಲ್ಲದ ಕಾಡಿಗೆ ಕಾಲಿಡುವುದು ಕಾನೂನಿಗೂ ವಿರುದ್ಧ, ಆನೆಗಳ ನಾಡಿನಲ್ಲಿ ಪ್ರಾಣಕ್ಕೂ ಸಂಚಕಾರ.

ತಂದೆತಾಯಿಗಳಿಗೆ ಎರಡು ಮಾತು

ಇಷ್ಟನ್ನು ಓದಿದ ಮೇಲೆ, ಮಕ್ಕಳನ್ನು ಬೆಟ್ಟಕ್ಕೆ ಕಳುಹಿಸದಿರುವುದೇ ಕ್ಷೇಮವೆಂದು ಪೋಷಕರಿಗೆ ತೋರಬಹುದು. ನಮ್ಮ ಅಭಿಪ್ರಾಯ ಹಾಗಿಲ್ಲ. ಈಜು ಕಲಿಯದವನಿಗೆ ಕೆರೆ ಅಪಾಯ. ಹಂತಹಂತವಾಗಿ ಕಲಿತವನಿಗೆ ಅದೇ ಆನಂದ. ಮೊದಲು ಕೊಯಮತ್ತೂರಿನ ಬಳಿಯ ಮರುದಮಲೆಯ ಮೆಟ್ಟಿಲುಗಳನ್ನೋ ಕಾಂಗೇಯದ ಬಳಿಯ ಶಿವನ್ಮಲೆಯನ್ನೋ ಮಕ್ಕಳೊಡನೆ ತಾವೂ ಏರಿರಿ. ಬಳಿಕ ಉಡುಮಲೈಯ ಕಡೆಯ ತಿರುಮೂರ್ತಿ ಬೆಟ್ಟದ ಪಂಚಲಿಂಗ ಜಲಪಾತದವರೆಗೆ ನಡೆಯಿರಿ. ವಾರಕ್ಕೆ ಮೂರು ನಾಲ್ಕು ದಿನ ಚುರುಕಾಗಿ ನಡೆಯುವ ಅಭ್ಯಾಸವಾದ ತರುವಾಯ, ಹಿರಿಯರ ಜೊತೆಯಲ್ಲಿ ದೊಡ್ಡ ಬೆಟ್ಟಗಳ ಯೋಚನೆ ಮಾಡಬಹುದು.

ಸಲಕರಣೆಗಳು ಹೆಚ್ಚು ಬೇಡ. ಜಾರದ ಅಟ್ಟೆಯ ಪಾದರಕ್ಷೆ, ತಲೆಗೆ ಟೋಪಿ, ಒಂದು ಕಂಬಳಿ ಅಥವಾ ಸ್ವೆಟರು, ಟಾರ್ಚು, ತುಂಬ ನೀರು, ಉಪ್ಪು ಬೆರೆಸಿದ ಮಜ್ಜಿಗೆ, ಕಡಲೆಬೆಲ್ಲ, ಗಾಯಕ್ಕೆ ಪಟ್ಟಿ ಇವಿಷ್ಟು ಸಾಕು. ಎಲ್ಲಿಗೆ ಹೋಗುವುದು, ಎಷ್ಟು ಹೊತ್ತಿಗೆ ಬರುವುದು ಎಂಬುದನ್ನು ಮನೆಯಲ್ಲಿ ಬರೆದಿಟ್ಟು ಹೊರಡಬೇಕು. ಒಯ್ದ ಪ್ಲಾಸ್ಟಿಕ್ ಚೂರೊಂದನ್ನೂ ಬೆಟ್ಟದಲ್ಲಿ ಬಿಟ್ಟು ಬರಬಾರದು.

ಈ ಕೊನೆಯ ಮಾತು ಕೇವಲ ಶುಚಿತ್ವದ ಉಪದೇಶವಲ್ಲ. ಆಲ್ಪ್ಸಿನಿಂದ ರೈನ್, ರೋನ್ ನದಿಗಳು ಹುಟ್ಟುವಂತೆ ವೆಳ್ಳಿಯಂಗಿರಿಯ ಮಡಿಲಿನಿಂದ ನೊಯ್ಯಲ್ ಹೊಳೆ ಹುಟ್ಟುತ್ತದೆ. ಶೋಲಾ ಕಾಡೂ ಹುಲ್ಲುಗಾವಲೂ ಮಳೆನೀರನ್ನು ಹೀರಿಟ್ಟುಕೊಂಡು ತಿಂಗಳುಗಟ್ಟಲೆ ಒಸರಿಸುವುವು. ಆ ನೀರು ಪೇರೂರಿನ ಪಟ್ಟೀಶ್ವರನ ಗುಡಿಯ ಪಕ್ಕದಲ್ಲಿ ಹರಿದು, ಕೊಯಮತ್ತೂರನ್ನೂ ತಿರುಪ್ಪೂರನ್ನೂ ದಾಟಿ ಕಾವೇರಿಯನ್ನು ಸೇರುವುದು. ತಿರುಪ್ಪೂರಿನ ಬಳಿ ಬಣ್ಣದ ನೀರಿನಿಂದ ಕೆಟ್ಟ ಆ ಹೊಳೆಯನ್ನು ನಮ್ಮ ಮಕ್ಕಳು ಕಂಡಿದ್ದಾರೆ. ಅದು ಹುಟ್ಟುವಾಗ ಎಷ್ಟು ತಿಳಿಯಾಗಿತ್ತೆಂಬುದನ್ನು ಮಾತ್ರ ಕಂಡಿಲ್ಲ. ಮೂಲದ ಒರತೆಯಲ್ಲಿ ಬೊಗಸೆಯೊಡ್ಡಿ ನೀರು ಕುಡಿದ ಬಾಲಕನೋ ಬಾಲಕಿಯೋ ನಾಳೆ ಆ ಹೊಳೆಗೆ ಕೊಳಕು ಹರಿಯಬಿಡುವಾಗ ಒಂದು ಗಳಿಗೆಯಾದರೂ ಹಿಂಜರಿಯದಿರಲಾರರು. ಪುಸ್ತಕವು ಕಲಿಸಲಾರದ ಈ ಪಾಠಕ್ಕಾಗಿಯಾದರೂ, ಮುಂದಿನ ರಜೆಯಲ್ಲಿ ಮಕ್ಕಳಿಗೆ ಒಂದು ಬೆಟ್ಟವನ್ನೂ ಒಬ್ಬ ಒಳ್ಳೆಯ ಜೊತೆಗಾರನನ್ನೂ ಒದಗಿಸಿಕೊಡಿರೆಂದು ನಾವು ಪೋಷಕರನ್ನು ಪ್ರಾರ್ಥಿಸುತ್ತೇವೆ.